ಉಳ್ಳಾರ್ತಿಯ ಚಂದ್ರ, ಇಸಿಲದ ಓಲೆ

ಸುತ್ತೋಲೆಯನ್ನು ರುಚಿಗಾಗಿ ಓದುವವರು ಕಡಿಮೆ. ಬಂದದ್ದಕ್ಕೆ ಸಹಿ ಹಾಕಿ ಕಡತಕ್ಕೆ ಸೇರಿಸಿದರೆ ಅದರ ಆಯುಸ್ಸು ಮುಗಿಯಿತು. ಆದರೆ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಬಂಡೆಗೆ ಕೊರೆದ ಸುತ್ತೋಲೆಯೊಂದಿದೆ. ಅದನ್ನು ಎಷ್ಟು ಸಲ ಓದಿದರೂ ನನಗೆ ಸಾಕೆನಿಸಿಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದ್ದು, ಹೊರಡಿಸಿದವನು ಅಶೋಕ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಪತ್ತೆ ಮಾಡಿದಾಗ ಸಿಕ್ಕದ್ದು ಮೂರು ಪ್ರತಿ: ಬ್ರಹ್ಮಗಿರಿಯಲ್ಲೊಂದು, ಸಿದ್ದಾಪುರದಲ್ಲೊಂದು, ಜಟಂಗಿ ರಾಮೇಶ್ವರ ಬೆಟ್ಟದ ಮೇಲೊಂದು. ಮೂರೂ ಒಂದರ ಮಗ್ಗುಲಲ್ಲೊಂದು ಎನ್ನುವಷ್ಟು ಹತ್ತಿರ. ಒಂದೇ ಕಚೇರಿಯ ಮೂರು ನೋಟಿಸ್ ಬೋರ್ಡುಗಳಿಗೆ ಒಂದೇ ಕಾಗದ ಅಂಟಿಸಿದ ಹಾಗೆ.

ಓಲೆ ಬಂದ ದಾರಿಯೂ ಕಚೇರಿಯ ದಾರಿಯೇ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಎಂದರೆ ರಾಜಕುಮಾರ, ಮತ್ತು ಅಲ್ಲಿನ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳು ಇಸಿಲದ ಮಹಾಮಾತ್ರರಿಗೆ ಬರೆದದ್ದು. ಇಸಿಲ ಈ ಬ್ರಹ್ಮಗಿರಿಯ ಬುಡದಲ್ಲೇ ಇದ್ದ ಪಟ್ಟಣ ಎನ್ನುತ್ತಾರೆ. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ಮಾಡಿಸಿದಾಗ ಪದರಪದರವಾಗಿ ಹಳೆಯ ವಸತಿ ಹೊರಬಂತು. ಓಲೆಯಲ್ಲಿ ಮೊದಲು ಕುಶಲ ವಿಚಾರಣೆ. ಆರೋಗ್ಯವಾಗಿದ್ದೀರಷ್ಟೆ ಎಂದು ಕೇಳಿದ ಮೇಲೆಯೇ ದೊರೆಯ ಮಾತು ಶುರು. ಆ ಮಾತು ಶುರುವಾಗುವುದೂ ಅಪ್ಪಣೆಯಿಂದಲ್ಲ, ತನ್ನದೇ ಕಥೆಯಿಂದ. ನಾನು ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಆದರೆ ಒಂದು ವರ್ಷ ಅಂಥ ಶ್ರಮವನ್ನೇನೂ ಪಡಲಿಲ್ಲ; ಸಂಘದ ಹತ್ತಿರ ಹೋದ ಮೇಲೆ, ಈಗ ವರ್ಷದಿಂದೀಚೆಗೆ, ಮೈಬಗ್ಗಿಸಿ ದುಡಿಯುತ್ತಿದ್ದೇನೆ. ಒಕ್ಕಣೆಯ ತಿರುಳು ಇದು. ಹಿಂದೂಕುಶ್‌ನಿಂದ ಚಿತ್ರದುರ್ಗದ ಸೀಮೆಯವರೆಗೆ ಆಳುವವನು, ದೂರದ ತಾಲ್ಲೂಕೊಂದರ ಅಧಿಕಾರಿಗಳ ಎದುರು, ವರ್ಷ ಪೂರ್ತಿ ಮೈಗಳ್ಳನಾಗಿದ್ದೆ ಎಂದು ಕಲ್ಲಿನಲ್ಲಿ ಕೊರೆಸುತ್ತಾನೆ. ಇವತ್ತಿನ ಯಾವ ಮುಖ್ಯ ಕಾರ್ಯದರ್ಶಿ ಹೀಗೆ ಬರೆದಾನು?

ಮುಂದಿನದು ಇನ್ನೂ ರುಚಿ. ಜಂಬೂದ್ವೀಪದಲ್ಲಿ ಈವರೆಗೆ ಬೆರೆಯದಿದ್ದ ದೇವರೂ ಮನುಷ್ಯರೂ ಈಗ ಬೆರೆತಿದ್ದಾರೆ ಎನ್ನುತ್ತಾನೆ. ಹಾಗೆಂದರೇನು? ನೂರು ವರ್ಷ ದಾಟಿತು, ವಿದ್ವಾಂಸರು ಇನ್ನೂ ಜಗಳ ಮುಗಿಸಿಲ್ಲ. ಈ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಸಣ್ಣವನೂ ಶ್ರಮಪಟ್ಟರೆ ಪಡೆಯಬಲ್ಲ ಎನ್ನುತ್ತಾನೆ. ಯಾವ ಶ್ರಮ, ದಿನಕ್ಕೆ ಎಷ್ಟು ಹೊತ್ತು, ಯಾರ ಉಸ್ತುವಾರಿ ಎಂಬುದು ಇಲ್ಲ. ಈ ಕೆಲಸ ಒಂದೂವರೆ ಪಟ್ಟು ಬೆಳೆಯುತ್ತದೆ ಎಂಬ ಭರವಸೆ ಇದೆ. ಯಾವುದರ ಒಂದೂವರೆ ಪಟ್ಟು ಎಂದು ಕೇಳುವಂತಿಲ್ಲ. ಕೊನೆಗೆ 256 ಎಂದು ಅಂಕಿ ಹಾಕಿದೆ. ಪ್ರಯಾಣದಲ್ಲಿ ಕಳೆದ ಇನ್ನೂರ ಐವತ್ತಾರು ರಾತ್ರಿ ಎನ್ನುವವರಿದ್ದಾರೆ, ಬುದ್ಧನ ನಿರ್ವಾಣದಿಂದ ಎಣಿಸಿದ ವರ್ಷ ಎನ್ನುವವರೂ ಇದ್ದರು. ಆಡಳಿತದ ಕಣ್ಣಿನಿಂದ ನೋಡಿದರೆ ಇದು ಕಳಪೆ ಸುತ್ತೋಲೆ. ಇಸಿಲದ ಮಹಾಮಾತ್ರರ ಜಾಗದಲ್ಲಿ ಕೂತು ನೋಡಿದರೆ ಬೇರೆ ಕಾಣುತ್ತದೆ. ಅವರ ಕೈಗೆ ಬಂದದ್ದು ಒಂದು ಕಥೆ, ಒಂದು ದಿಕ್ಕು, ನಡುವೆ ಬೇಕಾದಷ್ಟು ತೆರಪು. ಪಾಟಲಿಪುತ್ರದಲ್ಲಿ ಕುಳಿತವನಿಗೆ ಈ ಬಂಡೆಸೀಮೆಯ ಜನ, ದನ, ಬರ ಏನು ಗೊತ್ತು? ಗೊತ್ತಿಲ್ಲದ ಜಾಗದಲ್ಲಿ ಅವನು ನಿಯಮ ತುಂಬಲಿಲ್ಲ. ಖಾಲಿ ಬಿಟ್ಟ.

ಆ ತೆರಪಿನಲ್ಲಿ ಮೊದಲು ಕೈ ಆಡಿಸಿದವನು ಬರೆದ ಲಿಪಿಕಾರನೇ. ಅವನ ಹೆಸರು ಚಪಡ. ಓಲೆಯೆಲ್ಲ ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿ, ಎಡದಿಂದ ಬಲಕ್ಕೆ. ಮುಗಿಸುವಾಗ ತಾನು ಬರೆದೆ ಎಂದು ಹೆಸರು ಹಾಕಿಕೊಂಡ ಚಪಡ, ಲಿಪಿಕಾರ ಎಂಬ ತನ್ನ ವೃತ್ತಿಯ ಮಾತನ್ನು ಮಾತ್ರ ಖರೋಷ್ಠೀ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಮೊಳಕಾಲ್ಮುರಿನಲ್ಲಿ ಅದನ್ನು ಓದಬಲ್ಲವರು ಆಗಲೂ ಇದ್ದಿರಲಾರರು. ಯಾರೂ ಕೇಳಿರಲಿಲ್ಲ, ಯಾರಿಗೂ ಬೇಕಿರಲಿಲ್ಲ. ಉದ್ದನೆಯ ಸರ್ಕಾರಿ ಕೆಲಸದ ತುದಿಯಲ್ಲಿ ಕುಶಲಕರ್ಮಿಯೊಬ್ಬ ತನ್ನ ಕೈಚಳಕ ತೋರಿಸಿ ನಕ್ಕ. ಎರಡು ಸಾವಿರದ ಇನ್ನೂರು ವರ್ಷಗಳಾಚೆ ಆ ನಗು ಇನ್ನೂ ಕಾಣುತ್ತದೆ. ಮೌರ್ಯರ ಆಡಳಿತದ ಬಗ್ಗೆ ಓದಿದ ದಪ್ಪ ಪುಸ್ತಕಗಳಿಗಿಂತ ಈ ಒಂದು ಪದ ನನಗೆ ಹೆಚ್ಚು ಹೇಳಿದೆ.

ಆಮೇಲೆ ಲಿಪಿ ಮರೆತುಹೋಯಿತು, ಕಲ್ಲು ಉಳಿಯಿತು. ಬ್ರಹ್ಮಗಿರಿಯ ಬಂಡೆಗೆ ಜನ ಅಕ್ಷರಗುಂಡು ಎಂದರು. ಅದಕ್ಕೆ ಔಷಧದ ಗುಣವಿದೆ ಎಂಬ ನಂಬಿಕೆಯೂ ಬೆಳೆಯಿತು. ಜಟಂಗಿ ಬೆಟ್ಟದ ಮೇಲಿನದು ಬಳೆಗಾರ ಗುಂಡು, ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗ. ಓದಲಾಗದ ಆಜ್ಞೆಯನ್ನು ಊರು ತನಗೆ ಬೇಕಾದ ಹಾಗೆ ಬಳಸಿಕೊಂಡಿತು. ಅಶೋಕನಿಗೆ ಇದರಿಂದ ಬೇಸರವಾಗುತ್ತಿತ್ತು ಎಂದು ನನಗನ್ನಿಸುವುದಿಲ್ಲ.

ದೊಡ್ಡವನು ತನ್ನ ಸೋಲಿನಿಂದ ಕಥೆ ಎತ್ತಿಕೊಂಡರೆ ಕೆಳಗಿನವರ ನಾಲಿಗೆ ಸಡಿಲವಾಗುತ್ತದೆ. ಇದಕ್ಕೆ ನಮ್ಮ ಕಾಲದ ಪುರಾವೆ ಬೇಕಾದರೆ ಬ್ರಹ್ಮಗಿರಿಯಿಂದ ಚಳ್ಳಕೆರೆಯ ಕಡೆ ಬರಬೇಕು. ಶೇಂಗಾ, ಎಣ್ಣೆ ಮಿಲ್ಲು, ಕಂಬಳಿಗೆ ಹೆಸರಾದ ತಾಲ್ಲೂಕು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ಸೀಮೆಗಳಲ್ಲೊಂದು. ಇಲ್ಲಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ಚಂದ್ರನನ್ನು ಮಾಡಿಟ್ಟರು.

ಮಾಡಿಟ್ಟರು ಎಂದರೆ ನೆಲ ಅಗೆದು ಕುಳಿಗಳನ್ನು ತೋಡಿದರು. ಚಂದ್ರಯಾನ-2ರ ತಯಾರಿಯಲ್ಲಿ ಒಮ್ಮೆ ತೋಡಿದ್ದರು. 2020ರ ಹೊತ್ತಿಗೆ ಚಂದ್ರಯಾನ-3ಕ್ಕಾಗಿ ಮತ್ತೆ ತೋಡಲು ಹೊರಟರು. ಒಂದೊಂದು ಕುಳಿ ಹತ್ತು ಮೀಟರ್ ಅಗಲ, ಮೂರು ಮೀಟರ್ ಆಳ. ಸುತ್ತಲಿನ ರೈತರ ಕಣ್ಣಿಗೆ ಅದು ನೀರಿಲ್ಲದ ಕೃಷಿಹೊಂಡ. ಅಳತೆಯೂ ಹೆಚ್ಚುಕಡಿಮೆ ಅದೇ. ಲ್ಯಾಂಡರಿನ ಸಂವೇದಕಗಳನ್ನು ವಿಮಾನಕ್ಕೆ ಕಟ್ಟಿ ಈ ಹೊಂಡಗಳ ಮೇಲೆ ಹಾರಿಸುವುದು, ಇದೇ ಚಂದ್ರ ಎಂದುಕೊಂಡು ಅವು ಎತ್ತರ ಅಳೆಯುತ್ತವೆಯೇ, ತಗ್ಗು ಯಾವುದು ಸಮನೆಲ ಯಾವುದು ಎಂದು ಗುರುತಿಸುತ್ತವೆಯೇ ನೋಡುವುದು. ಮಕ್ಕಳು ಅಡುಗೆ ಆಟ ಆಡುವಾಗ ಮರಳೇ ಅನ್ನ, ಎಲೆಯೇ ತಟ್ಟೆ. ಸುಳ್ಳೆಂದು ಎಲ್ಲರಿಗೂ ಗೊತ್ತು, ಆದರೂ ಊಟ ನಡೆಯುತ್ತದೆ. ಇಸ್ರೋದಂಥ ಸಂಸ್ಥೆಯ ದೊಡ್ಡ ದೊಡ್ಡ ಇಂಜಿನಿಯರುಗಳು ಶೇಂಗಾ ಸೀಮೆಯ ಮಧ್ಯೆ ಅದೇ ಆಟವನ್ನು ಗಂಭೀರವಾಗಿ ಆಡಿದ್ದಾರೆ ಎಂದು ನೆನೆಸಿಕೊಂಡರೆ ನನಗೆ ಆ ಸಂಸ್ಥೆಯ ಮೇಲೆ ಗೌರವದ ಜೊತೆಗೆ ಮುದ್ದೂ ಬರುತ್ತದೆ.

ಎರಡು ತಯಾರಿಗಳ ನಡುವೆ ನಡೆದದ್ದನ್ನು ನಿಧಾನವಾಗಿ ನೋಡಬೇಕು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಅಪ್ಪಳಿಸಿತು. ಯಾಕೆ ಹೀಗಾಯಿತೆಂದು ಇಸ್ರೋದ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ 2023ರಲ್ಲಿ ಬಿಡಿಸಿ ಹೇಳಿದರು. ವೇಗ ಕುಗ್ಗಿಸುವ ಇಂಜಿನುಗಳು ಎಣಿಸಿದ್ದಕ್ಕಿಂತ ತುಸು ಹೆಚ್ಚು ಬಲ ಕೊಟ್ಟವು. ಸಣ್ಣ ಸಣ್ಣ ತಪ್ಪುಗಳು ಒಂದರ ಮೇಲೊಂದು ಕೂಡಿಕೊಂಡವು. ನೌಕೆ ಬೇಗ ಹೊರಳಬೇಕಿತ್ತು, ಇಷ್ಟಕ್ಕಿಂತ ಬೇಗ ಹೊರಳಬೇಡ ಎಂದು ತಂತ್ರಾಂಶವೇ ಕಟ್ಟುಹಾಕಿತ್ತು. ಮೂರನೆಯದು ನನ್ನನ್ನು ಕಾಡಿದ್ದು. ಇಳಿಯಲು ಗೊತ್ತುಮಾಡಿದ ಜಾಗ ಐನೂರು ಮೀಟರ್ ಉದ್ದ, ಐನೂರು ಮೀಟರ್ ಅಗಲ, ಅಷ್ಟೇ. ನೆಲ ಹತ್ತಿರವಾಗುತ್ತಿದ್ದರೂ ನೌಕೆ ಆ ಚೌಕವನ್ನೇ ಮುಟ್ಟಬೇಕೆಂದು ವೇಗ ಹೆಚ್ಚಿಸಿಕೊಳ್ಳುತ್ತ ಹೋಯಿತು. ಗುರಿ ಕರಾರುವಾಕ್ಕಾಗಿತ್ತು. ನೌಕೆ ವಿಧೇಯವಾಗಿತ್ತು. ಆ ವಿಧೇಯತೆ ಅದರ ಪ್ರಾಣಕ್ಕೇ ಬಂತು.

ಚಂದ್ರಯಾನ-3ರಲ್ಲಿ ಇಳಿಯುವ ಜಾಗವನ್ನು ಸುಮಾರು ನಾಲ್ಕು ಕಿಲೋಮೀಟರ್ ಉದ್ದ, ಎರಡೂವರೆ ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ಇದರೊಳಗೆ ಎಲ್ಲಿಯಾದರೂ ಇಳಿ, ಜಾಗ ನೀನೇ ನೋಡಿಕೋ ಎಂದಂತಾಯಿತು. ಇಂಧನ ಹೆಚ್ಚಿಸಿದರು, ಕಾಲುಗಳನ್ನು ಗಟ್ಟಿ ಮಾಡಿದರು, ಐದು ಇಂಜಿನುಗಳಿದ್ದದ್ದನ್ನು ನಾಲ್ಕು ಮಾಡಿದರು. ಇವೆಲ್ಲ ಕಬ್ಬಿಣ, ಇಂಧನದ ಮಾತು. ನನಗೆ ರುಚಿಸುವುದು ಅವರು ಯೋಚಿಸುವ ರೀತಿಯನ್ನೇ ಬದಲಿಸಿದ್ದು. ಗೆಲ್ಲುವುದು ಹೇಗೆ ಎಂದು ವಿನ್ಯಾಸ ಮಾಡುವುದನ್ನು ಬಿಟ್ಟು, ಏನೇನು ಕೆಡಬಹುದು ಎಂಬಲ್ಲಿಂದ ಶುರು ಮಾಡಿದೆವು ಎಂದರು ಸೋಮನಾಥ್. ಸಂವೇದಕ ಕೈಕೊಟ್ಟರೆ? ಇಂಜಿನ್ ನಿಂತರೆ? ಗಣಿತವೇ ತಪ್ಪಿದರೆ? ಎಲ್ಲ ಸಂವೇದಕಗಳೂ ಸತ್ತು, ನಾಲ್ಕರಲ್ಲಿ ಎರಡು ಇಂಜಿನುಗಳು ನಿಂತು ಹೋದರೂ ಇಳಿಯಬೇಕು ಎಂಬಲ್ಲಿಯವರೆಗೆ ಹೋದರು. ಒಂದೊಂದು ಪ್ರಶ್ನೆಯೂ ಒಂದು ಸಣ್ಣ ಕಥೆ. ಅದರಲ್ಲಿ ನಾಯಕ ಇದ್ದಾನೆ, ವಿಘ್ನ ಇದೆ, ಮುಂದೇನು ಎಂಬ ಆತಂಕ ಇದೆ. ಕೊನೆ ಮಾತ್ರ ಗೊತ್ತಿಲ್ಲ. ಕೊನೆಯನ್ನು ಬರೆಯುವುದು ಆಯಾ ವಿಭಾಗದವರ ಕೆಲಸ. ಇನ್ನೂ ಆಗದ ಸೋಲನ್ನು ಬಾಯಿಬಿಟ್ಟು ಹೇಳಲು ಸಂಸ್ಥೆಯಲ್ಲಿ ಧೈರ್ಯ ಬೇಕು. ಹೇಳಿದವನನ್ನು ಅಪಶಕುನದವನೆಂದು ಮೂಲೆಗೆ ಕೂರಿಸದ ಮೇಲಧಿಕಾರಿ ಅದಕ್ಕಿಂತ ಹೆಚ್ಚು ಬೇಕು. 2023ರ ಆಗಸ್ಟ್ 23ರ ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ವಿಕ್ರಮ್ ಇಳಿಯಿತು.

ಕೆಟ್ಟದ್ದರ ಕಥೆ ಹೇಳಿಕೊಂಡು ಕೆಲಸ ಕಲಿಯುವುದು ಇಸ್ರೋದಲ್ಲಷ್ಟೇ ಅಲ್ಲ. ಅಮೆರಿಕದಲ್ಲಿ ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞ ಜೆರಾಕ್ಸ್ ಕಂಪನಿಯ ರಿಪೇರಿಯವರ ಬೆನ್ನು ಹತ್ತಿ ತಿರುಗಿ 1996ರಲ್ಲಿ ಒಂದು ಪುಸ್ತಕ ತಂದ. ಕಂಪನಿ ಕೊಟ್ಟ ಕೈಪಿಡಿಯಲ್ಲಿ ಇಲ್ಲದ ಕಾಯಿಲೆಗಳನ್ನು ಈ ಜನ ತಿಂಡಿ ಕಾಫಿ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡ ಕಥೆಗಳಿಂದ ವಾಸಿ ಮಾಡುತ್ತಿದ್ದರು ಎಂದು ಅದರಲ್ಲಿ ತೋರಿಸಿದ. ನಮ್ಮ ಪಂಪ್‌ಸೆಟ್ ಮೆಕ್ಯಾನಿಕ್‌ಗೆ ಹೇಳಿದರೆ ಇದಕ್ಕೂ ಪುಸ್ತಕ ಬೇಕಾ ಅಂದಾನು. ಬೇಕು, ಮೇಲಿನವರಿಗೆ ಅದು ಅಚ್ಚಾದ ಮೇಲೆಯೇ ಕಾಣುತ್ತದೆ.

ಇನ್ನು ನಾಯಕನಹಟ್ಟಿ. ಚಳ್ಳಕೆರೆ ತಾಲ್ಲೂಕಿನ ಈ ಊರಿನ ಸಂತ ತಿಪ್ಪೇರುದ್ರಸ್ವಾಮಿಯ ಹೆಸರಿನ ಜೊತೆ ಮೂರು ಪದಗಳ ಮಾತೊಂದು ಅಂಟಿಕೊಂಡಿದೆ: ಮಾಡಿದಷ್ಟು ನೀಡು ಭಿಕ್ಷೆ. ಆಟೊ ಗಾಜಿನ ಮೇಲೆ, ಟ್ರ್ಯಾಕ್ಟರ್ ಟ್ರೇಲರಿನ ಬೆನ್ನ ಮೇಲೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿನ ಪಟದಲ್ಲಿ, ಈ ಸೀಮೆಯಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಈ ಮಾತು. ಬೇಕೆಂದರೆ ಈಗಿಂದೀಗಲೇ ಕೇಳಿ ನೋಡಿ, ಯಾರು ಯಾರಿಗೆ ಹೇಳಿದ ಮಾತು ಇದು? ಭಿಕ್ಷೆಗೆ ಬಂದ ಜಂಗಮ ಮನೆಯೊಡತಿಗೆ, ನೀನು ಮಾಡಿದ್ದರಲ್ಲಿ ಆದಷ್ಟು ನೀಡು ತಾಯಿ ಎಂದದ್ದೇ? ದುಡಿದವನು ದೇವರಿಗೆ, ನಾನು ಮಾಡಿದ್ದಕ್ಕೆ ತಕ್ಕಷ್ಟು ಕೊಡು, ಹೆಚ್ಚು ಬೇಡ ಎಂದದ್ದೇ? ಧಣಿಗೆ ಕೊಟ್ಟ ಎಚ್ಚರಿಕೆಯೇ? ಸೋಮಾರಿಗೆ ಕೊಟ್ಟ ಏಟೇ? ಒಬ್ಬೊಬ್ಬರಲ್ಲಿ ಒಂದೊಂದು ಅರ್ಥ ಕೇಳಿದ್ದೇನೆ. ಹೇಳಿದವರೆಲ್ಲ ತಮ್ಮದೇ ಸರಿಯೆಂಬ ಖಾತ್ರಿಯಿಂದಲೇ ಹೇಳಿದರು. ನಮ್ಮ ಕಾವ್ಯಮೀಮಾಂಸೆಯವರು ಹೇಳದೆ ಹೊಳೆಯುವ ಅರ್ಥಕ್ಕೆ ಧ್ವನಿ ಎಂದು ಹೆಸರಿಟ್ಟು ಅದನ್ನು ಕವಿಗಳ ಪಾಲಿಗೆ ಬಿಟ್ಟರು. ಇಲ್ಲಿ ಅದು ಕೂಲಿಯ ಲೆಕ್ಕಕ್ಕೆ ಇಳಿದಿದೆ.

ಕೂಲಿಯ ಲೆಕ್ಕ ಎಂದದ್ದು ಸುಮ್ಮನೆ ಅಲ್ಲ. ಸ್ವಾಮಿ ಬರದ ನಾಡಿಗೆ ಕೆರೆ ಕಟ್ಟಿಸಿದ ಕಥೆ ಇಲ್ಲಿ ಮನೆಮಾತು. ಐದು ಕೆರೆ ಎನ್ನುತ್ತಾರೆ. ದಿನವಿಡೀ ಮಣ್ಣು ಹೊತ್ತವರು ಸಂಜೆ ಸಾಲಾಗಿ ನಿಲ್ಲುತ್ತಿದ್ದರಂತೆ. ಸ್ವಾಮಿಯ ಕೈಯಲ್ಲಿ ಹಣದ ಥೈಲಿ ಇಲ್ಲ. ಮರಳ ಗುಡ್ಡೆ ಮಾಡಿಕೊಳ್ಳಿ ಎನ್ನುತ್ತಿದ್ದ. ಅವರವರು ತಮ್ಮ ತಮ್ಮ ಗುಡ್ಡೆ ಕೆದಕಿದರೆ ಅದರಡಿ ಅವರವರು ದುಡಿದಷ್ಟೇ ಕೂಲಿ. ಹೆಚ್ಚು ದುಡಿದವನಿಗೆ ಹೆಚ್ಚು, ಕದ್ದು ಕೂತವನಿಗೆ ಕಡಿಮೆ. ಪವಾಡವನ್ನು ನಂಬಿ, ಬಿಡಿ. ಕಥೆ ಹೆಣೆದವರ ಜಾಣತನ ನೋಡಿ. ಮೇಸ್ತ್ರಿ ಇಲ್ಲ, ಹಾಜರಿ ಪುಸ್ತಕ ಇಲ್ಲ, ಅಳತೆಪಟ್ಟಿ ಇಲ್ಲ. ತಾನೆಷ್ಟು ದುಡಿದೆ ಎಂಬುದು ಗುಡ್ಡೆಗೆ ಕೈ ಹಾಕುವ ಮೊದಲೇ ಅವರವರಿಗೆ ಗೊತ್ತು. ಲೆಕ್ಕ ತಪಾಸಣೆ ಅವರ ಎದೆಯೊಳಗೇ ನಡೆದುಹೋಯಿತು. ಪಕ್ಕದವನ ಗುಡ್ಡೆಯಲ್ಲಿ ಎಷ್ಟಿತ್ತು ಎಂದು ಕಥೆ ಹೇಳುವುದಿಲ್ಲ. ಅದು ಸುಮ್ಮನಿರುವ ಜಾಗ ಬಹಳ ಮುಖ್ಯ. ಹೇಳಿದ್ದರೆ ಮರುದಿನದಿಂದ ಕೆರೆ ಏರಿಯ ಮೇಲೆ ಕೆಲಸಕ್ಕಿಂತ ಜಗಳವೇ ಹೆಚ್ಚಾಗುತ್ತಿತ್ತು.

ಇದೇ ಕಥೆಯನ್ನು ನಿಯಮವಾಗಿ ಬರೆದರೆ ಹೇಗಿರುತ್ತದೆ? ಒಂದು ಘನ ಮೀಟರ್ ಮಣ್ಣಿಗೆ ಇಂತಿಷ್ಟು ರೂಪಾಯಿ, ಹೊರುವ ದೂರಕ್ಕೆ ಇಂತಿಷ್ಟು ಹೆಚ್ಚು. ಅದೂ ಬೇಕು. ಉದ್ಯೋಗಖಾತ್ರಿಯ ಕೆಲಸದಲ್ಲಿ ಅಳತೆ ಇಲ್ಲದಿದ್ದರೆ ಕೂಲಿಗೇ ಮೋಸ. ಆದರೆ ದರಪಟ್ಟಿಯಿಂದ ಹೊಸ ಕೆರೆಯ ಯೋಚನೆ ಹುಟ್ಟುವುದಿಲ್ಲ. ಅದು ಇದ್ದ ಕೆಲಸವನ್ನು ಹಂಚಬಲ್ಲದು, ಅಷ್ಟೇ. ಕಥೆ ಹಾಗಲ್ಲ, ಕೇಳಿದವನ ಕೈಗೆ ಕೆಲಸ ಹಚ್ಚುತ್ತದೆ. ಫಾಲ್ಗುಣದಲ್ಲಿ ನಾಯಕನಹಟ್ಟಿಯ ದೊಡ್ಡ ರಥೋತ್ಸವ. ತೇರು ಹೊರಡುವ ಮೊದಲು ಮುಕ್ತಿ ಬಾವುಟದ ಹರಾಜು ಲಕ್ಷಗಳಲ್ಲಿ ನಡೆಯುತ್ತದೆ, ಭಕ್ತರು ಒಣಕೊಬ್ಬರಿಯನ್ನು ರಾಶಿ ಹಾಕಿ ಸುಡುತ್ತಾರೆ, ಹೊಗೆಯ ಘಮಲು ಬಟ್ಟೆಗೆ ಹತ್ತಿ ಮನೆಗೂ ಬರುತ್ತದೆ. ಹರಾಜು ಕೂಗುವವನಿಗೂ ಕೊಬ್ಬರಿ ಸುಡುವವಳಿಗೂ ಸ್ವಾಮಿಯ ಮಾತಿನಲ್ಲಿ ಒಂದೊಂದು ಜಾಗ ಸಿಕ್ಕಿದೆ. ಮಾಡಿದಷ್ಟು ಎಂಬುದರ ಅರ್ಥ ಇಬ್ಬರಿಗೂ ಒಂದೇ ಆಗಿರಲಾರದು.

ತೆರಪು ಯಾವಾಗಲೂ ಒಳ್ಳೆಯದೇ ಎಂದು ನಾನು ಹೇಳಿದರೆ ಇದೇ ಚಳ್ಳಕೆರೆಯ ಕುರಿಗಾಹಿ ನನ್ನನ್ನು ಬೈದಾನು. ಉಳ್ಳಾರ್ತಿಯಂಥ ಕಾವಲುಗಳು ಮೈಸೂರು ಅರಸರ ಕಾಲದಿಂದ ದನಗಳಿಗೆ ಮೀಸಲಾದ ಹುಲ್ಲುಗಾವಲು. ಬೆಣ್ಣೆ ಚಾವಡಿ ಎಂದಿದ್ದ ಇಲಾಖೆಗೆ ಟಿಪ್ಪು ಅಮೃತಮಹಲ್ ಎಂಬ ಹೆಸರಿಟ್ಟ. ತೋಪುಗಾಡಿ ಎಳೆದ ಎತ್ತುಗಳು ಬೆಳೆದದ್ದು ಇಂಥ ಕಾವಲುಗಳಲ್ಲೇ. ದೊರೆಯ ದನ ಹೋದ ಮೇಲೆ ಊರ ಕುರಿ, ದನ ಮೇದವು. ಕಂಬಳಿಯ ಉಣ್ಣೆ ಅಲ್ಲಿಂದ ಬಂತು, ಉರುವಲು ಬಂತು. ಕಾಗದದಲ್ಲಿ ಈ ನೆಲ ಯಾರದು, ಯಾವುದಕ್ಕೆ ಎಂಬುದು ಮಸುಕಾಗಿಯೇ ಉಳಿಯಿತು. ಈ ಶತಮಾನದ ಮೊದಲ ದಶಕದ ಕೊನೆಗೆ ಸುಮಾರು ಹತ್ತು ಸಾವಿರ ಎಕರೆ ಕಾವಲು ರಕ್ಷಣಾ ಸಂಶೋಧನೆ, ಅಣುಶಕ್ತಿ, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಯಿತು. ವಿಜ್ಞಾನ ಸಂಸ್ಥೆಗೆ ಕುದಾಪುರದ ಬಳಿ ಸಾವಿರದ ಐನೂರು ಎಕರೆ. ಸುತ್ತಲಿನ ಬಹಳ ಹಳ್ಳಿಗಳಿಗೆ ಇದು ತಿಳಿದದ್ದು ಗೋಡೆ ಏಳತೊಡಗಿದಾಗ. ಹೋರಾಟ ನಡೆಯಿತು, ವಿಷಯ ಹಸಿರು ನ್ಯಾಯಾಧಿಕರಣದ ಮೆಟ್ಟಿಲು ಹತ್ತಿತು. ಇಲ್ಲಿಯೂ ಅಸ್ಪಷ್ಟತೆಯೇ ಇತ್ತು, ಆದರೆ ಅದರ ಲಾಭ ಬರೆದವರಿಗೆ, ನಷ್ಟ ಓದಲಾಗದವರಿಗೆ. ಇಸಿಲದ ಓಲೆಯಲ್ಲಿ, ಸ್ವಾಮಿಯ ಮಾತಿನಲ್ಲಿ ಖಾಲಿ ಬಿಟ್ಟ ಜಾಗ ಕೇಳಿಸಿಕೊಂಡವರಿಗೆ ಸೇರಿದ್ದು. ಕಾವಲಿನ ಕಡತದಲ್ಲಿ ಖಾಲಿ ಇದ್ದ ಜಾಗವನ್ನು ಕಚೇರಿ ತನಗೇ ಇಟ್ಟುಕೊಂಡಿತು. ಸಂಸ್ಥೆಗಳಲ್ಲಿ ಮುಕ್ತತೆ, ಹೊಂದಿಕೊಳ್ಳುವ ಗುಣ ಎಂದು ಭಾಷಣ ಮಾಡುವವರ ಮಾತು ಕೇಳುವಾಗೆಲ್ಲ, ತೆರಪಿನ ಕೀಲಿಕೈ ಯಾರ ಸೊಂಟದಲ್ಲಿದೆ ಎಂದು ನಾನು ನೋಡುತ್ತೇನೆ. ಚಂದ್ರನನ್ನು ಮಾಡಿದ ನೆಲಕ್ಕೆ ಕುರಿಗಳ ಹಕ್ಕೂ ಇತ್ತು ಎಂಬುದನ್ನು ಮರೆತು ಆ ಆಟವನ್ನು ಸವಿಯಲು ನನ್ನಿಂದಾಗದು.

ತೆರಪನ್ನು ಎಲ್ಲರೂ ಕೂಡಿ ಹಿಡಿದುಕೊಳ್ಳುವ ಬಗೆಯೂ ಉಂಟು, ಅದು ಹಾಡಿನಲ್ಲಿ. ಇದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯಲ್ಲಿದ್ದವರು ಸಿರಿಯಜ್ಜಿ. ಕಾಡುಗೊಲ್ಲರ ಹೆಣ್ಣುಮಗಳು, ಅಕ್ಷರ ಕಲಿತವರಲ್ಲ. ಸಾವಿರಗಟ್ಟಲೆ ಪದ ನಾಲಿಗೆಯ ತುದಿಯಲ್ಲಿತ್ತು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿ ಕೊಟ್ಟಿತು. ಕೃಷ್ಣಮೂರ್ತಿ ಹನೂರರು ಅವರ ಸುತ್ತ ಬರೆದ ಸಾವಿರದ ಸಿರಿಯಜ್ಜಿ ಪುಸ್ತಕ ಓದಿದವರಿಗೆ ಈ ಹಟ್ಟಿಗಳ ಲೋಕ ಹೊಸದಲ್ಲ. ನನ್ನ ಆಸಕ್ತಿ ಆ ಹಾಡಿಕೆಯ ಏರ್ಪಾಟಿನಲ್ಲಿ. ಹಟ್ಟಿಯ ಹಾಡಿಕೆಯಲ್ಲಿ ಒಬ್ಬಳು ಮುಂದೆ, ಉಳಿದವರು ಹಿಂದೆ. ಮುಂದಿನವಳು ಒಂದು ನುಡಿ ಎತ್ತಿದರೆ ಹಿಂದಿನವರು ಅದನ್ನೇ ಇನ್ನೊಮ್ಮೆ ಹೇಳುತ್ತಾರೆ, ಸೊಲ್ಲು ಸೇರಿಸುತ್ತಾರೆ. ಪಟ್ಟಣದ ಕಿವಿಗೆ ಇದು ಹೇಳಿದ್ದೇ ಹೇಳುವ ಬೇಸರ. ಹತ್ತಿರ ಕೂತು ಮುಂದೆ ಹಾಡುವವಳ ಮುಖ ನೋಡಬೇಕು. ಹಿಂದಿನವರ ದನಿ ಏರಿದ ಆ ನಾಲ್ಕಾರು ಕ್ಷಣ ಅವಳ ಕಣ್ಣು ಎಲ್ಲಿಗೋ ಹೋಗುತ್ತದೆ, ತುಟಿ ಸದ್ದಿಲ್ಲದೆ ಆಡುತ್ತದೆ. ಮುಂದಿನ ನುಡಿ ಸಿದ್ಧವಾಗುವುದು ಆಗ. ನೆನಪಿನಲ್ಲಿದ್ದದ್ದು ಬಂದರೆ ಬಂತು.

ಬಾರದಿದ್ದರೆ ಹೊಸದು ಕಟ್ಟುತ್ತಾಳೆ. ಎದುರಿಗೆ ಕೂತ ಬೀಗರ ಹೆಸರು ಪದದೊಳಗೆ ಬರುತ್ತದೆ, ಈ ವರ್ಷದ ಬರ ಬರುತ್ತದೆ, ಕಾಡುಗೊಲ್ಲರ ವೀರ ಜುಂಜಪ್ಪನ ಕಾಲದ ದನಗಳ ಪಕ್ಕ ನಿನ್ನೆ ಸಂತೆಗೆ ಹೊಡೆದ ದನವೂ ಬಂದು ನಿಲ್ಲುತ್ತದೆ. ಹಿಂದಿನವರಿಗೆ ಇದು ಹೊಸದೆಂದು ಗೊತ್ತಾಗುವುದೂ ಇಲ್ಲ. ಗೊತ್ತಾದರೂ ಸೊಲ್ಲು ಬಿಡುವುದಿಲ್ಲ. ಬದಲಾದದ್ದನ್ನೂ ಬದಲಾಗದ್ದನ್ನೂ ಒಂದೇ ಉಸಿರಿನಲ್ಲಿ ಹೊರುವ ಗುಂಪು ಅದು. ಕಚೇರಿಯ ಸಭೆಗಳಲ್ಲಿ ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರು ಹೇಳುವಾಗ ಗಡಿಯಾರ ನೋಡುವ ಚಟ ನನಗೂ ಉಂಟು. ಆ ಹೊತ್ತಿನಲ್ಲಿ ಯಾರ ತುಟಿ ಆಡುತ್ತಿದೆ ಎಂದು ನೋಡುವುದು ಗಡಿಯಾರ ನೋಡುವುದಕ್ಕಿಂತ ಲಾಭ.

ತೆರಪನ್ನು ಅಳೆದು ಕೊಡುವ ಕ್ರಮವೂ ಈ ಸೀಮೆಯಲ್ಲಿದೆ. ಕುದಾಪುರದ ಕಡೆ ರಕ್ಷಣಾ ಸಂಶೋಧನೆಯವರ ವೈಮಾನಿಕ ಪರೀಕ್ಷಾ ವಲಯ ಇದೆ, 2017ರಲ್ಲಿ ಉದ್ಘಾಟನೆಯಾದದ್ದು. ಅದರ ಓಡುದಾರಿಯ ಮೇಲೆ ಇಸ್ರೋ, ಮತ್ತೆ ಮತ್ತೆ ಬಳಸಬಹುದಾದ ರೆಕ್ಕೆಯ ರಾಕೆಟ್ಟನ್ನು ಮೂರು ಸಲ ಇಳಿಸಿತು. 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಅದು ತಾನೇ ದಾರಿ ನೋಡಿಕೊಂಡು ಬಂದು ಇಳಿಯಿತು. 2024ರ ಮಾರ್ಚ್ 22ರಂದು ಬೇಕೆಂದೇ ದಾರಿಯಿಂದ ನೂರ ಐವತ್ತು ಮೀಟರ್ ಪಕ್ಕಕ್ಕೆ ಬಿಟ್ಟರು. ತಿದ್ದಿಕೊಂಡು ಇಳಿಯಿತು. ಅದೇ ವರ್ಷ ಜೂನ್ 23ರಂದು ಐನೂರು ಮೀಟರ್ ಪಕ್ಕಕ್ಕೆ, ಅದೂ ಗಾಳಿ ಬೀಸುವಾಗ. ಮತ್ತೂ ಇಳಿಯಿತು, ಗಂಟೆಗೆ ಮುನ್ನೂರ ಇಪ್ಪತ್ತು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೆಲ ಮುಟ್ಟಿ. ಮಾರ್ಚ್‌ನಲ್ಲಿ ಇಳಿದ ಒಡಲನ್ನೇ ಜೂನಿನಲ್ಲೂ ಹಾರಿಸಿದ್ದರು. ಕೆಲಸ ಕಲಿಸುವವನು ಶಿಷ್ಯನಿಗೆ ಒಂದೊಂದು ಸಲ ಒಂದೊಂದು ಎಳೆ ಹೆಚ್ಚು ಗೊಂದಲ ಕೊಟ್ಟು ನೋಡುವ ಕ್ರಮ ಇದು. ತಪ್ಪನ್ನು ಅಳೆದು ಬಡಿಸುವುದು. ಇಷ್ಟು ಕೊಟ್ಟರೆ ಇವನು ಹೊಸದಾಗಿ ಯೋಚಿಸುತ್ತಾನೆ, ಇದಕ್ಕಿಂತ ಹೆಚ್ಚು ಕೊಟ್ಟರೆ ಮುರಿಯುತ್ತಾನೆ ಎಂಬ ಅಂದಾಜು ಗುರುವಿಗೆ ಇರಬೇಕು.

ಆ ವಾಹನಕ್ಕೆ ಇಸ್ರೋ ಇಟ್ಟ ಹೆಸರು ಪುಷ್ಪಕ್. ಹೆಸರಿಟ್ಟವರಿಗೆ ನೆನಪಿತ್ತೋ ಇಲ್ಲವೋ, ಅದು ಇಳಿದ ನೆಲದಿಂದ ಅಷ್ಟೇನೂ ದೂರವಲ್ಲದ ಜಟಂಗಿ ರಾಮೇಶ್ವರ ಬೆಟ್ಟವೇ ಜಟಾಯು ಬಿದ್ದ ಜಾಗ ಎನ್ನುತ್ತಾರೆ ಮೊಳಕಾಲ್ಮುರಿನವರು. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನ ವಿಮಾನಕ್ಕೆ ಅಡ್ಡ ಬಂದ ಮುದಿ ಹಕ್ಕಿಯ ರೆಕ್ಕೆ ಕತ್ತರಿಸಿ ಬಿದ್ದದ್ದು ಇಲ್ಲೇ. ವಾಲ್ಮೀಕಿಯಲ್ಲಿ ಜಟಾಯು ಮುರಿದ ರಥ ಪುಷ್ಪಕವಲ್ಲ. ಅಲ್ಲಿಯ ಲೆಕ್ಕ ಬೇರೆ. ಬೆಟ್ಟ ಹತ್ತುವ ಜನ ಅದನ್ನು ಗಮನಿಸಿದವರಲ್ಲ, ಅವರ ಬಾಯಲ್ಲಿ ಅದು ಪುಷ್ಪಕ ವಿಮಾನವೇ. ಒಂದು ಹಕ್ಕಿ ಅಡ್ಡಗಟ್ಟಿದ ವಿಮಾನ, ಅದೇ ಸೀಮೆಯಲ್ಲಿ ದಾರಿ ತಪ್ಪಿಸಿ ಬಿಟ್ಟರೂ ನೆಟ್ಟಗೆ ಬಂದಿಳಿದ ಇನ್ನೊಂದು ವಿಮಾನ. ಜಾತ್ರೆಗೆ ಬೆಟ್ಟ ಹತ್ತುವ ಅಜ್ಜಿ ಯಾರಾದರೂ ಮುಂದೊಂದು ದಿನ ಎರಡನ್ನೂ ಬೆರೆಸಿ ಮೊಮ್ಮಗನಿಗೆ ಹೇಳಿದರೆ, ನಾನಂತೂ ತಿದ್ದಲು ಹೋಗುವುದಿಲ್ಲ.